ಮೇಪಲ್ ಎಲೆಗಳಲ್ಲಿ ಸಾರಜನಕದ ಚಕ್ರ: ಅಳತೆಯ ಕ್ರಮ ಮತ್ತು ಅದರ ತೊಡಕುಗಳು

ಉತ್ತರ ಅಮೆರಿಕದ ಈಶಾನ್ಯ ಭಾಗದ ಗುಡ್ಡಗಾಡುಗಳಲ್ಲಿ ಸೆಪ್ಟೆಂಬರ್ ತಿಂಗಳ ಕೊನೆಗೆ ಮೇಪಲ್ ಮರಗಳು ಬಣ್ಣ ಬದಲಿಸತೊಡಗುತ್ತವೆ. ಹಸಿರು ಹಿಂಜರಿದು ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಮೇಲೆದ್ದು ಬರುತ್ತವೆ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಕೊಂಬೆಗಳು ಬೋಳಾಗಿರುತ್ತವೆ. ಪ್ರವಾಸಿಗರು ದೂರದೂರದಿಂದ ಬಂದು ನೋಡಿಹೋಗುವ ಈ ಮೂರು ನಾಲ್ಕು ವಾರಗಳು ಮರದ ಪಾಲಿಗೆ ಸಾಲ ವಸೂಲಿಯ ಗಡುವು. ವಸಂತದಲ್ಲಿ ಎಲೆಗೆ ಕೊಟ್ಟಿದ್ದ ಸಾರಜನಕದಲ್ಲಿ ಎಷ್ಟನ್ನು ಸಾಧ್ಯವೋ ಅಷ್ಟನ್ನು ಮರವು ಎಲೆ ಕಳಚಿ ಬೀಳುವ ಮುನ್ನವೇ ರೆಂಬೆ, ಕಾಂಡ, ಬೇರುಗಳಿಗೆ ಮರಳಿ ಎಳೆದುಕೊಳ್ಳುತ್ತದೆ. ಸಸ್ಯಶಾಸ್ತ್ರದಲ್ಲಿ ಈ ಕ್ರಿಯೆಯನ್ನು ಮರುಹೀರಿಕೆ ಎಂದು ಕರೆಯಬಹುದು. ಹೀಗೆ ಮರಳಿದ್ದೆಷ್ಟು, ತರಗೆಲೆಯೊಡನೆ ನೆಲಕ್ಕೆ ಬಿದ್ದದ್ದೆಷ್ಟು, ನೆಲದಿಂದ ಮತ್ತೆ ಬೇರಿಗೆ ಬಂದದ್ದೆಷ್ಟು ಎಂಬುದನ್ನು ಅಳೆಯುವ ವಿಧಾನಗಳ ಪರಿಚಯ ಹಾಗೂ ಅವುಗಳಲ್ಲಿ ಅಡಗಿರುವ ತೊಡಕುಗಳ ವಿವೇಚನೆ ಪ್ರಸ್ತುತ ಲೇಖನದ ಉದ್ದೇಶ.

ಮೇಪಲ್ ಕುಲದ ಕೆಲವು ಜಾತಿಗಳು ಹಿಮಾಲಯದಲ್ಲಿಯೂ ಬೆಳೆಯುತ್ತವೆ. ಆದರೆ ಎಲೆಯ ಸಾರಜನಕದ ಬಗೆಗೆ ಅತ್ಯಂತ ದೀರ್ಘಕಾಲದ ಮಾಹಿತಿ ದೊರೆತಿರುವುದು ಅಮೆರಿಕದ ಸಕ್ಕರೆ ಮೇಪಲ್ ಕಾಡುಗಳಿಂದ. ಏಸರ್ ಸ್ಯಾಕರಮ್ ಎಂಬ ಶಾಸ್ತ್ರೀಯ ನಾಮದ ಈ ಮರದ ಕಾಂಡರಸವನ್ನು ಕಾಯಿಸಿ ಮೇಪಲ್ ಪಾಕ ಮಾಡುತ್ತಾರೆ. ನಮ್ಮ ವಿವೇಚನೆಗೆ ಮುಖ್ಯ ಆಧಾರವಾದದ್ದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವೈಟ್ ಪರ್ವತಗಳಲ್ಲಿರುವ ಹಬರ್ಡ್ ಬ್ರೂಕ್ ಪ್ರಾಯೋಗಿಕ ಅರಣ್ಯ. ಅಮೆರಿಕದ ಅರಣ್ಯ ಇಲಾಖೆ 1955ರಲ್ಲಿ ಸ್ಥಾಪಿಸಿದ ಈ ಅರಣ್ಯದಲ್ಲಿ 1963ರಿಂದ ಹರ್ಬರ್ಟ್ ಬೋರ್ಮನ್, ಜೀನ್ ಲೈಕೆನ್ಸ್, ನಾಯ್ ಜಾನ್ಸನ್, ರಾಬರ್ಟ್ ಪಿಯರ್ಸ್ ಇವರು ಸಣ್ಣ ಜಲಾನಯನಗಳನ್ನೇ ಒಂದೊಂದು ಘಟಕವೆಂದು ಭಾವಿಸಿ, ಮಳೆಯೊಡನೆ ಒಳಬರುವ ಮತ್ತು ತೊರೆಯೊಡನೆ ಹೊರಹೋಗುವ ಪೋಷಕಗಳ ಜಮಾಖರ್ಚು ಬರೆಯತೊಡಗಿದರು.

ಈ ಜಮಾಖರ್ಚಿನ ಮಹತ್ವವನ್ನು ಮನಗಾಣಿಸಿದ ಪ್ರಯೋಗವೊಂದುಂಟು. 1965ರ ಚಳಿಗಾಲದ ಆರಂಭದಲ್ಲಿ ಎರಡನೆಯ ಜಲಾನಯನದ 15.6 ಹೆಕ್ಟೇರುಗಳಲ್ಲಿದ್ದ ಮರಗಳನ್ನೆಲ್ಲ ಕಡಿದು, ಅಲ್ಲಿಯೇ ಬಿಟ್ಟು, ಮುಂದಿನ ಮೂರು ಬೇಸಿಗೆಗಳಲ್ಲಿ ಚಿಗುರು ಮೂಡದಂತೆ ಕಳೆನಾಶಕ ಸಿಂಪಡಿಸಲಾಯಿತು. ತೊರೆಯ ನೀರಿನಲ್ಲಿ ನೈಟ್ರೇಟ್ ಪ್ರಮಾಣ ಕಾಡಿದ್ದಾಗಿನದಕ್ಕಿಂತ ಮೊದಲ ವರ್ಷವೇ 40 ಪಟ್ಟು ಮೀರಿತು. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಸಾರಜನಕವನ್ನು ಬಿಡುಗಡೆ ಮಾಡುವ ಕೆಲಸ ಎಂದಿನಂತೆ ನಡೆದಿತ್ತು; ಅದನ್ನು ಹಿಡಿದಿಟ್ಟುಕೊಳ್ಳುವ ಬೇರು, ಎಲೆಗಳು ಇರಲಿಲ್ಲ. ಕಾಡು ಸಾರಜನಕವನ್ನು ಉಳಿಸಿಕೊಳ್ಳುವುದು ಮಣ್ಣಿನ ಬಲದಿಂದ ಮಾತ್ರವಲ್ಲ, ಮರದ ಬಲದಿಂದಲೂ ಎಂಬುದು ಇದರಿಂದ ಸ್ಪಷ್ಟವಾಯಿತು. ಆ ಬಳಿಕ 1977ರಲ್ಲಿ ಬೋರ್ಮನ್ ಮತ್ತು ಲೈಕೆನ್ಸ್ ತಮ್ಮ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದ ಸಾರಜನಕದ ಆಯವ್ಯಯದ ಪ್ರಕಾರ, ಬೆಳೆಯುತ್ತಿರುವ ಕಾಡಿಗೆ ವರ್ಷವೊಂದಕ್ಕೆ ಬೇಕಾಗುವ ಸಾರಜನಕದ ಸುಮಾರು ಮೂರನೆಯ ಒಂದು ಭಾಗ ಬರುತ್ತಿದ್ದುದು ಮಣ್ಣಿನಿಂದಲ್ಲ, ಮರದೊಳಗಿನ ಹಿಂದಿನ ವರ್ಷದ ಸಂಗ್ರಹದಿಂದ. ಆ ಸಂಗ್ರಹಕ್ಕೆ ಹೂಡಿಕೆಯಾಗುವುದು ಶರತ್ಕಾಲದ ಮರುಹೀರಿಕೆಯಲ್ಲಿ.

ಎಲೆಯೊಳಗಿನ ಸಾರಜನಕದ ಬಹುಭಾಗ, ಸುಮಾರು ನಾಲ್ಕನೆಯ ಮೂರು ಭಾಗ, ದ್ಯುತಿಸಂಶ್ಲೇಷಣೆ ನಡೆಯುವ ಕ್ಲೋರೋಪ್ಲಾಸ್ಟ್‌ಗಳಲ್ಲಿರುತ್ತದೆ. ಅದರಲ್ಲಿಯೂ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ರುಬಿಸ್ಕೋ ಎಂಬ ಒಂದೇ ಪ್ರೋಟೀನಿನ ಪಾಲು ದೊಡ್ಡದು. ಹಗಲು ಕಿರಿದಾಗಿ ಚಳಿ ಏರಿದಂತೆ ಈ ಪ್ರೋಟೀನುಗಳು ಒಡೆದು ಅಮೈನೋ ಆಮ್ಲಗಳಾಗಿ, ತೊಟ್ಟಿನ ನಾಳಗಳ ಮೂಲಕ ಹಿಂದಕ್ಕೆ ಹರಿಯುತ್ತವೆ. ತೊಟ್ಟಿನ ಬುಡದಲ್ಲಿ ಬೇರ್ಪಡಿಕೆಯ ಪದರ ಬಲಿಯುವುದರೊಳಗೆ ಈ ಕೆಲಸ ಮುಗಿಯಬೇಕು. ಅಕಾಲದ ಕಟುಹಿಮ ಬಿದ್ದು ಎಲೆಯ ಕೋಶಗಳು ಸತ್ತರೆ, ಇಲ್ಲವೇ ಬಿರುಗಾಳಿಗೆ ಎಲೆ ಹಸಿರಾಗಿಯೇ ಉದುರಿದರೆ, ಆ ಭಾಗದ ಸಾರಜನಕ ಮರದ ಕೈತಪ್ಪಿತೆಂದೇ ಅರ್ಥ. ಕೆಂಪು ಬಣ್ಣದ ಆಂಥೋಸಯನಿನ್ ಈ ಹೊತ್ತಿನಲ್ಲಿ ಎಲೆಗೆ ಬಿಸಿಲಿನ ಮರೆಯಾಗಿ ಮರುಹೀರಿಕೆಗೆ ನೆರವಾಗುತ್ತದೆ ಎಂಬ ವಾದವೊಂದಿದೆ. 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಂಪು ಬಣ್ಣ ತಯಾರಿಸಲಾರದ ವಿಕೃತಿ ಗಿಡಗಳು ಸಾರಜನಕವನ್ನು ಕಡಿಮೆ ಹಿಂಪಡೆದವು. ಆದರೆ ಆ ಪ್ರಯೋಗ ನಡೆದದ್ದು ಬೇರೆ ಪೊದೆಜಾತಿಗಳ ಮೇಲೆ. ಮೇಪಲ್‌ನ ಬಗೆಗೆ ಅದನ್ನು ಹಾಗೆಯೇ ಅನ್ವಯಿಸುವುದು ಅವಸರದ ತೀರ್ಮಾನವಾದೀತು.

ಮಾದರಿ ಸಂಗ್ರಹ

ಅಳತೆ ಪ್ರಯೋಗಶಾಲೆಯಲ್ಲಿ ಆರಂಭವಾಗುತ್ತದೆಂದು ತಿಳಿಯುವುದು ತಪ್ಪು. ಬಲಿತ ಸಕ್ಕರೆ ಮೇಪಲ್ ಇಪ್ಪತ್ತು ಮೀಟರಿಗೂ ಎತ್ತರ ಬೆಳೆಯುತ್ತದೆ. ಅದರ ನೆತ್ತಿಯ ಹಸಿರೆಲೆಯನ್ನು ಪಡೆಯಲು ಸಂಶೋಧಕರು ಬಹುಕಾಲದಿಂದ ಬಳಸುತ್ತ ಬಂದಿರುವ ಸಾಧನ ಚರೆಕೋವಿ! ಗುರಿಯಿಟ್ಟು ಹಾರಿಸಿ, ಕೆಳಗೆ ಬಿದ್ದ ಚಿಕ್ಕ ರೆಂಬೆಗಳಿಂದ ಕೇಡಿಲ್ಲದ ಎಲೆಗಳನ್ನು ಆಯ್ದುಕೊಳ್ಳುತ್ತಾರೆ. ಇದು ಜುಲೈ ನಡುವಿನಿಂದ ಆಗಸ್ಟ್ ತಿಂಗಳವರೆಗಿನ ಕೆಲಸ. ಎಳೆಯ ಎಲೆಯಲ್ಲಿ ತೂಕ ಕಡಿಮೆ, ಪ್ರೋಟೀನು ಹೆಚ್ಚು; ಸೆಪ್ಟೆಂಬರಿನ ಎಲೆಯಲ್ಲಿ ಮರುಹೀರಿಕೆ ಆಗಲೇ ತೊಡಗಿರಬಹುದು. ಇವೆರಡರ ನಡುವೆ ಸಾರಜನಕದ ಪ್ರಮಾಣ ತಕ್ಕಮಟ್ಟಿಗೆ ಸ್ಥಿರವಾಗಿರುವ ಅವಧಿಯಲ್ಲಿ ಎಲೆ ಕೀಳಬೇಕು.

ಯಾವ ಎತ್ತರದ ಎಲೆ ಎಂಬುದೂ ಗಣನೀಯ. ನೆತ್ತಿಯ ಬಿಸಿಲೆಲೆ ದಪ್ಪ, ಕೆಳಗಿನ ನೆರಳೆಲೆ ತೆಳು. ವಿಸ್ಕಾನ್ಸಿನ್ ರಾಜ್ಯದ ಸಕ್ಕರೆ ಮೇಪಲ್ ಕಾಡಿನಲ್ಲಿ ಎಲ್ಸ್‌ವರ್ತ್ ಮತ್ತು ರೀಚ್ ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕದ ಲೆಕ್ಕದಲ್ಲಿ ಸಾರಜನಕದ ಪ್ರಮಾಣ ನೆತ್ತಿಯಿಂದ ಬುಡದವರೆಗೆ ಹೆಚ್ಚೇನೂ ಬದಲಾಗಲಿಲ್ಲ; ಎಲೆಯ ವಿಸ್ತೀರ್ಣದ ಲೆಕ್ಕದಲ್ಲಿ ಮಾತ್ರ ಬಿಸಿಲೆಲೆಯ ಸಾರಜನಕ ನೆರಳೆಲೆಯದಕ್ಕಿಂತ ಬಹಳ ಹೆಚ್ಚಿತ್ತು. ಎಲೆ ಅದೇ, ಸಾರಜನಕವೂ ಅದೇ. ಭಾಜಕ ಬದಲಾದರೆ ಚಿತ್ರವೇ ಬದಲಾಗುತ್ತದೆ. ಈ ಅಂಶವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಏಕೆಂದರೆ ಮುಂದಿನ ತೊಡಕುಗಳಿಗೆಲ್ಲ ಇದೇ ಮೂಲ.

ಉದುರಿದ ಎಲೆಗಳನ್ನು ಹಿಡಿಯಲು ಕಾಡಿನ ನೆಲದ ಮೇಲೆ ಬಲೆ ಕಟ್ಟಿದ ಚೌಕಟ್ಟುಗಳನ್ನೋ ಬುಟ್ಟಿಗಳನ್ನೋ ಇಡುತ್ತಾರೆ. ಶರತ್ಕಾಲದಲ್ಲಿ ಅವುಗಳನ್ನು ಒಂದೆರಡು ವಾರಕ್ಕೊಮ್ಮೆಯಾದರೂ ಖಾಲಿ ಮಾಡದಿದ್ದರೆ ಮಳೆಯಲ್ಲಿ ನೆಂದ ಎಲೆಗಳಿಂದ ಕರಗುವ ಪದಾರ್ಥಗಳು ಸೋರಿಹೋಗುತ್ತವೆ. ಹೀಗೆ ಸೋರಿದ್ದನ್ನೆಲ್ಲ ಮರ ಹೀರಿಕೊಂಡಿತೆಂದು ನಾವು ತಪ್ಪಾಗಿ ಬರೆದುಕೊಳ್ಳುತ್ತೇವೆ. ಜಾತಿವಾರು ಬೇರ್ಪಡಿಸುವುದು ತಾಳ್ಮೆ ಬೇಡುವ ಕೆಲಸ. ಬುಟ್ಟಿಗೆ ಬಿದ್ದ ಎಲೆ ಕೋವಿ ಹಾರಿಸಿದ ಮರದ್ದೇ ಎಂಬ ಭರವಸೆಯೂ ಇಲ್ಲದ್ದರಿಂದ, ಗಾಳಿಯಿಲ್ಲದ ದಿನ ಗುರುತಿಟ್ಟ ಮರದ ರೆಂಬೆ ಅಲುಗಿಸಿ, ಆಗಷ್ಟೇ ಕಳಚಿದ ಎಲೆಯನ್ನು ಹಿಡಿಯುವುದು ಮೇಲು.

ಪ್ರಯೋಗಶಾಲೆಯ ಕೆಲಸವನ್ನು ಸಂಕ್ಷೇಪವಾಗಿ ಹೇಳಬಹುದು. ಎಲೆಯನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸಿ ನುಣ್ಣಗೆ ಪುಡಿ ಮಾಡುತ್ತಾರೆ. ಡೆನ್ಮಾರ್ಕಿನ ಯೋಹಾನ್ ಜೆಲ್ಡಾಲ್ 1883ರಲ್ಲಿ ರೂಪಿಸಿದ ವಿಧಾನದಲ್ಲಿ ಪುಡಿಯನ್ನು ಗಂಧಕಾಮ್ಲದಲ್ಲಿ ಕುದಿಸಿ, ಸಾರಜನಕವನ್ನು ಅಮೋನಿಯಂ ಲವಣವಾಗಿಸಿ, ಬಟ್ಟಿಯಿಳಿಸಿ ಅಳೆಯುತ್ತಾರೆ. ಫ್ರಾನ್ಸಿನ ಡ್ಯೂಮಾ ಅದಕ್ಕೂ ಮೊದಲು ಸೂಚಿಸಿದ್ದ ದಹನ ವಿಧಾನವೇ ಈಗ ಸ್ವಯಂಚಾಲಿತ ಯಂತ್ರಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಕೆಲವೇ ಮಿಲಿಗ್ರಾಂ ಪುಡಿಯನ್ನು ಆಮ್ಲಜನಕದಲ್ಲಿ ಉರಿಸಿ, ಹುಟ್ಟಿದ ಸಾರಜನಕದ ಆಕ್ಸೈಡುಗಳನ್ನು ಕಾಯಿಸಿದ ತಾಮ್ರದ ಮೇಲೆ ಹಾಯಿಸಿ, ಶುದ್ಧ ಸಾರಜನಕ ಅನಿಲವಾಗಿಸಿ ಅಳೆಯುವುದು ಅದರ ತತ್ತ್ವ. ಎರಡೂ ವಿಧಾನಗಳು ನಂಬತಕ್ಕವು. ದೋಷ ಹುಟ್ಟುವುದು ಯಂತ್ರದಲ್ಲಿ ಅಲ್ಲ, ಯಂತ್ರ ಕೊಟ್ಟ ಅಂಕಿಯನ್ನು ನಾವು ಯಾವುದರಿಂದ ಭಾಗಿಸುತ್ತೇವೆ ಎಂಬಲ್ಲಿ.

ಭಾಜಕದ ಪ್ರಶ್ನೆ

ಉದಾಹರಣೆಗೆಂದು ಹಸಿರೆಲೆಯ ಒಣತೂಕದಲ್ಲಿ ಸಾರಜನಕ ಶೇಕಡಾ 2.0, ಅದೇ ಮರದ ತರಗೆಲೆಯಲ್ಲಿ ಶೇಕಡಾ 0.9 ಇದೆಯೆನ್ನೋಣ. ಇವೆರಡನ್ನು ನೇರವಾಗಿ ಹೋಲಿಸಿದರೆ ಮರ ಹಿಂಪಡೆದದ್ದು ಶೇಕಡಾ 55. ಆದರೆ ಎಲೆಯಿಂದ ಹಿಂದೆ ಸರಿದದ್ದು ಸಾರಜನಕವೊಂದೇ ಅಲ್ಲ. ಸಕ್ಕರೆ ಮತ್ತಿತರ ಪದಾರ್ಥಗಳೂ ಹೋಗಿವೆ, ಎಲೆ ಹಗುರವಾಗಿದೆ. ಹಗುರವಾದ ಎಲೆಯಲ್ಲಿ ಉಳಿದ ಸಾರಜನಕದ ಶೇಕಡಾವಾರು ತಾನಾಗಿಯೇ ಹೆಚ್ಚಾಗಿ ಕಾಣುತ್ತದೆ. ವಾನ್ ಹೀರ್ವಾರ್ಡನ್ ಮತ್ತು ಸಂಗಡಿಗರು 2003ರಲ್ಲಿ ಈ ದೋಷವನ್ನು ಸ್ಪಷ್ಟವಾಗಿ ತೋರಿಸಿ, ಅಲ್ಲಿಯವರೆಗಿನ ಅಂದಾಜುಗಳು ನಿಜಕ್ಕಿಂತ ಕಡಿಮೆಯೆಂದು ವಾದಿಸಿದರು. 2012ರಲ್ಲಿ ವರ್ಗುಟ್ಸ್ ಮತ್ತು ಸಂಗಡಿಗರು ಪ್ರಪಂಚದ ನಾನಾ ಕಡೆಯ ಮಾಹಿತಿಯನ್ನು ಕಲೆಹಾಕಿ, ಎಲೆಯುದುರಿಸುವ ಮರಗಳಿಗೆ 0.784 ಎಂಬ ತಿದ್ದುಪಡಿ ಗುಣಾಂಕವನ್ನು ನೀಡಿದರು. ಅಂದರೆ ಉದುರುವ ಹೊತ್ತಿಗೆ ಎಲೆ ತನ್ನ ತೂಕದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚನ್ನು ಕಳೆದುಕೊಂಡಿರುತ್ತದೆ. ಈ ಗುಣಾಂಕ ಸೇರಿಸಿದರೆ ನಮ್ಮ ಉದಾಹರಣೆಯ ಮರುಹೀರಿಕೆ ಶೇಕಡಾ 55ರಿಂದ ಸುಮಾರು 65ಕ್ಕೆ ಏರುತ್ತದೆ.

ತೂಕದ ಬದಲು ವಿಸ್ತೀರ್ಣವನ್ನು ಭಾಜಕವಾಗಿ ಹಿಡಿದರೆ ಸಮಸ್ಯೆ ತೀರುತ್ತದೆಯೆ? ಪೂರ್ತಿ ತೀರುವುದಿಲ್ಲ. ಒಣಗುತ್ತಿರುವ ಎಲೆ ಮುದುಡುತ್ತದೆ. ವಿಸ್ತೀರ್ಣ ಶೇಕಡಾ 10ರಷ್ಟು ಕುಗ್ಗಿದರೂ ಮೇಲಿನ ಲೆಕ್ಕದಲ್ಲಿ ಉತ್ತರ ಶೇಕಡಾ 61ರ ಆಸುಪಾಸಿಗೆ ಇಳಿಯುತ್ತದೆ. ಒಂದೇ ಎಲೆಗೆ ಮೂರು ಉತ್ತರಗಳು.

ಈ ವ್ಯತ್ಯಾಸ ಕಾಗದದ ಮೇಲಿನ ತಕರಾರಷ್ಟೇ ಅಲ್ಲ ಎಂಬುದನ್ನು ಹೆಕ್ಟೇರಿನ ಲೆಕ್ಕದಲ್ಲಿ ನೋಡಬಹುದು. ಇಂಥ ಕಾಡಿನಲ್ಲಿ ಹೆಕ್ಟೇರಿಗೆ ಸುಮಾರು 3 ಟನ್ ತರಗೆಲೆ ಬೀಳುತ್ತದೆ. ನಮ್ಮ ಉದಾಹರಣೆಯಂತೆ ಅದರಲ್ಲಿ 27 ಕಿಲೋಗ್ರಾಂ ಸಾರಜನಕವಿರುತ್ತದೆ. ತಿದ್ದುಪಡಿಯಿಲ್ಲದ ಲೆಕ್ಕದಂತೆ ಮರಗಳು ಹಿಂಪಡೆದದ್ದು 33 ಕಿಲೋಗ್ರಾಂ. ತಿದ್ದುಪಡಿಯ ನಂತರ ಅದು 49 ಕಿಲೋಗ್ರಾಂ ದಾಟುತ್ತದೆ. ನಡುವಿನ ಅಂತರ 16 ಕಿಲೋಗ್ರಾಮಿಗೂ ಹೆಚ್ಚು. ಹಬರ್ಡ್ ಬ್ರೂಕಿನ 1977ರ ಆಯವ್ಯಯದಲ್ಲಿ ಮಳೆ ಹಿಮಗಳೊಡನೆ ವರ್ಷಕ್ಕೆ ಬರುತ್ತಿದ್ದ ಸಾರಜನಕ ಹೆಕ್ಟೇರಿಗೆ 6.5 ಕಿಲೋಗ್ರಾಂ ಮಾತ್ರ. ಭಾಜಕದ ಆಯ್ಕೆಯಲ್ಲಿನ ಒಂದು ಅಜಾಗರೂಕತೆ ಆಕಾಶದಿಂದ ಬರುವ ಒಟ್ಟು ಆದಾಯದ ಎರಡು ಪಟ್ಟನ್ನು ಮೀರಬಲ್ಲುದು.

ಇದನ್ನು ತಪ್ಪಿಸಲು ಕೀತ್ ಕಿಲಿಂಗ್‌ಬೆಕ್ 1996ರಲ್ಲಿ ಬೇರೆ ದಾರಿ ಸೂಚಿಸಿದರು. ಎಷ್ಟು ಪಾಲು ಹಿಂಪಡೆಯಿತು ಎಂದು ಕೇಳುವ ಬದಲು, ತರಗೆಲೆಯ ಸಾರಜನಕವನ್ನು ಮರ ಎಷ್ಟು ಕೆಳಮಟ್ಟಕ್ಕೆ ಇಳಿಸಿತು ಎಂದು ಕೇಳಬಹುದೆಂಬುದು ಅವರ ಸಲಹೆ. ಶೇಕಡಾ 0.7ಕ್ಕಿಂತ ಕೆಳಗಿಳಿದಿದ್ದರೆ ಮರುಹೀರಿಕೆ ಪೂರ್ಣ, ಶೇಕಡಾ 1.0ಕ್ಕಿಂತ ಮೇಲಿದ್ದರೆ ಅಪೂರ್ಣ. ಹಸಿರೆಲೆಯ ಅಗತ್ಯವಿಲ್ಲದ ಈ ಅಳತೆ ಸರಳ, ಬಳಕೆಗೆ ಸುಲಭ. ಆದರೆ ತೂಕನಷ್ಟದ ನೆರಳು ಇದರ ಮೇಲೂ ಬೀಳುತ್ತದೆ. ಅಷ್ಟೇ ಅಲ್ಲ, ಮರ ಆರಂಭದಲ್ಲಿ ಎಷ್ಟು ಹೂಡಿತ್ತು ಎಂಬುದನ್ನು ಇದು ಹೇಳುವುದೇ ಇಲ್ಲ. ಎರಡನ್ನೂ ಒಟ್ಟಿಗೆ ವರದಿ ಮಾಡುವುದೇ ಲೇಸೆಂದು ನನ್ನ ಅಭಿಪ್ರಾಯ.

ಇಲ್ಲಿ ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರ ರೂಢಿ ನೆನಪಾಗುತ್ತದೆ. ಸೊಪ್ಪಿನ ಬೆಟ್ಟದಿಂದ ಕಡಿದು ತರುವ ಹಸಿರು ಸೊಪ್ಪಿಗೂ, ನೆಲದಿಂದ ಗುಡಿಸಿ ತರುವ ದರಗಿಗೂ ಅವರು ಬೇರೆ ಬೇರೆ ಹೆಸರು, ಬೇರೆ ಬೇರೆ ಉಪಯೋಗ ಇಟ್ಟುಕೊಂಡಿದ್ದಾರೆ. ಮರ ತನ್ನ ಪಾಲನ್ನು ಹಿಂಪಡೆಯುವ ಮುನ್ನ ಕಡಿದದ್ದು ಸೊಪ್ಪು, ಹಿಂಪಡೆದ ಮೇಲೆ ಬಿಟ್ಟುಕೊಟ್ಟದ್ದು ದರಗು. ಸಾರಜನಕದ ದೃಷ್ಟಿಯಿಂದ ಇವು ಒಂದೇ ಅಲ್ಲ.

ನೆಲಕ್ಕೆ ಬಿದ್ದ ಮೇಲೆ

ತರಗೆಲೆ ಕೊಳೆಯುತ್ತ ಸಾರಜನಕವನ್ನು ಕ್ರಮೇಣ ಬಿಟ್ಟುಕೊಡುತ್ತದೆ ಎಂಬ ಸಾಮಾನ್ಯ ಕಲ್ಪನೆ ಅರ್ಧ ಸತ್ಯ. ಹಬರ್ಡ್ ಬ್ರೂಕಿನಲ್ಲಿ ಫೇಹಿ ಮತ್ತು ಸಂಗಡಿಗರು ಇಂಗಾಲ ಮತ್ತು ಸಾರಜನಕಗಳ ಭಾರದ ಸಮಸ್ಥಾನಿಗಳಿಂದ ಗುರುತು ಮಾಡಿದ ಸಕ್ಕರೆ ಮೇಪಲ್ ತರಗೆಲೆಯನ್ನು ಕಾಡಿನ ನೆಲದಲ್ಲಿ ಹರಡಿ ಹಿಂಬಾಲಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರ. ಒಂದು ವರ್ಷದಲ್ಲಿ ಎಲೆಯ ಮೂಲ ಸಾರಜನಕದಲ್ಲಿ ಶೇಕಡಾ 20ರಿಂದ 30ರಷ್ಟು ಹೊರಹೋಗಿತ್ತು. ಆದರೆ ಅದೇ ಎಲೆಗಳಲ್ಲಿ ಒಟ್ಟು ಸಾರಜನಕ ಕಡಿಮೆಯಾಗುವ ಬದಲು ಕಾಲುಭಾಗಕ್ಕೂ ಮಿಗಿಲಾಗಿ ಹೆಚ್ಚಿತ್ತು! ಎಲೆಯನ್ನು ಕೊಳೆಯಿಸುವ ಶಿಲೀಂಧ್ರಗಳು ತಮ್ಮ ಬೆಳವಣಿಗೆಗಾಗಿ ಮಣ್ಣಿನಿಂದ ಸಾರಜನಕವನ್ನು ಮೇಲಕ್ಕೆಳೆದು ತಂದಿದ್ದವು. ಗುರುತು ಮಾಡದೆ ಬರಿಯ ಒಟ್ಟು ಪ್ರಮಾಣವನ್ನಷ್ಟೇ ಅಳೆದಿದ್ದರೆ, ಎಲೆಯಿಂದ ಏನೂ ಹೊರಹೋಗಲಿಲ್ಲ ಎಂದೇ ತಿಳಿಯಬೇಕಾಗುತ್ತಿತ್ತು.

ಮೇಪಲ್ ತರಗೆಲೆಯ ಸ್ವಭಾವವೂ ಗಮನಾರ್ಹ. ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಪರ್ವತಗಳಲ್ಲಿ ಲವೆಟ್ ಮತ್ತು ಸಂಗಡಿಗರು ಒಂದೊಂದೇ ಜಾತಿಯ ಮರಗಳಿರುವ ತಾಣಗಳನ್ನು ಹೋಲಿಸಿ 2004ರಲ್ಲಿ ತೋರಿಸಿದಂತೆ, ಸಕ್ಕರೆ ಮೇಪಲ್ ಕೆಳಗಿನ ಮಣ್ಣಿನಲ್ಲಿ ನೈಟ್ರೇಟ್ ಉತ್ಪತ್ತಿ ಹೆಚ್ಚು, ಕೆಂಪು ಓಕ್ ಕೆಳಗೆ ತೀರ ಕಡಿಮೆ. ಕಾಡಿನಲ್ಲಿ ಮೇಪಲ್ ಹೆಚ್ಚಿದರೂ ಕುಗ್ಗಿದರೂ ತೊರೆಯ ನೀರಿಗೆ ಅದು ತಿಳಿಯುತ್ತದೆ.

ಸಮಸ್ಥಾನಿಯ ಸಾಕ್ಷ್ಯ

ಭಾಜಕದ ತೊಡಕಿನಿಂದ ಬಿಡಿಸಿಕೊಳ್ಳುವ ಇನ್ನೊಂದು ಉಪಾಯ, ಸಾರಜನಕವನ್ನು ಸಾರಜನಕದಿಂದಲೇ ಭಾಗಿಸುವುದು. ವಾಯುಮಂಡಲದ ಸಾರಜನಕ ಪರಮಾಣುಗಳಲ್ಲಿ ಶೇಕಡಾ 0.37ರಷ್ಟು ಮಾತ್ರ 15 ದ್ರವ್ಯಾಂಕದ ಭಾರದ ಸಮಸ್ಥಾನಿ, ಉಳಿದದ್ದು 14ರದ್ದು. ಎಲೆಯಲ್ಲಿ ಈ ಅನುಪಾತ ಗಾಳಿಯದಕ್ಕಿಂತ ಎಷ್ಟು ಭಿನ್ನ ಎಂಬುದನ್ನು ದ್ರವ್ಯರಾಶಿ ರೋಹಿತಮಾಪಕದಿಂದ ಅಳೆದು, ಸಾವಿರಕ್ಕೆ ಇಷ್ಟು ಎಂದು ಹೇಳುತ್ತಾರೆ. ಮಣ್ಣಿನಲ್ಲಿ ನೈಟ್ರೇಟ್ ಉತ್ಪತ್ತಿಯಾಗಿ ಸೋರಿಹೋಗುವಾಗ ಹಗುರ ಸಮಸ್ಥಾನಿ ಮುಂದಾಗಿ ಹೋಗುತ್ತದೆ, ಭಾರದ್ದು ಹಿಂದುಳಿಯುತ್ತದೆ. ಆದ್ದರಿಂದ ಸಾರಜನಕ ಧಾರಾಳವಾಗಿ ಸೋರುತ್ತಿರುವ ಕಾಡಿನ ಎಲೆಗಳಲ್ಲಿ ಭಾರದ ಸಮಸ್ಥಾನಿ ಹೆಚ್ಚು. ಬಿಗಿಯಾಗಿ ಹಿಡಿದಿಟ್ಟುಕೊಂಡ ಕಾಡಿನಲ್ಲಿ ಕಡಿಮೆ. ಹಬರ್ಡ್ ಬ್ರೂಕಿನಲ್ಲಿ ಕಾಡು ಕಡಿದ ನಂತರ ಎಲೆಗಳಲ್ಲಿ ಭಾರದ ಸಮಸ್ಥಾನಿ ಏರಿದ್ದನ್ನು ಪಾರ್ಡೊ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದರು.

ಈ ಅಳತೆ ಇಂದಿನ ಒಂದು ದೊಡ್ಡ ವಿವಾದದ ನಡುವೆ ನಿಂತಿದೆ. 1980ರ ದಶಕದ ಕೊನೆಯ ಹೊತ್ತಿಗೆ ವಿಜ್ಞಾನಿಗಳ ಆತಂಕ, ಹೊಗೆಮಳೆಯ ಮೂಲಕ ಈ ಕಾಡುಗಳಿಗೆ ಸಾರಜನಕ ಅತಿಯಾಗುತ್ತಿದೆ ಎಂಬುದಾಗಿತ್ತು. ಮಸಾಚುಸೆಟ್ಸ್‌ನ ಹಾರ್ವರ್ಡ್ ಅರಣ್ಯದಲ್ಲಿ 1988ರಿಂದ, ಮಿಷಿಗನ್ನಿನ ಸಕ್ಕರೆ ಮೇಪಲ್ ಕಾಡುಗಳಲ್ಲಿ 1994ರಿಂದ, ಕೈಯಾರೆ ಸಾರಜನಕ ಸುರಿದು ಪರಿಣಾಮ ನೋಡುವ ಪ್ರಯೋಗಗಳು ನಡೆದದ್ದು ಈ ಹಿನ್ನೆಲೆಯಲ್ಲಿ. ಆದರೆ ಹಬರ್ಡ್ ಬ್ರೂಕಿನ ತೊರೆಗಳಲ್ಲಿ 1970ರ ದಶಕದ ಆರಂಭದಲ್ಲಿ ಹೆಚ್ಚಿದ್ದ ನೈಟ್ರೇಟ್ ಆಮೇಲೆ ಇಳಿಯುತ್ತ ಹೋಯಿತು. ಕ್ರೇನ್ ಮತ್ತು ಸಂಗಡಿಗರು ಪ್ರಪಂಚದ ನಾನಾ ಕಡೆ 1980ರಿಂದ 2017ರವರೆಗೆ ಸಂಗ್ರಹವಾದ 43,000ಕ್ಕೂ ಹೆಚ್ಚು ಎಲೆಮಾದರಿಗಳ ಮಾಹಿತಿಯನ್ನು 2018ರಲ್ಲಿ ವಿಶ್ಲೇಷಿಸಿ, ಎಲೆಗಳ ಸಾರಜನಕ ಶೇಕಡಾ 9ರಷ್ಟು ಕುಸಿದಿದೆಯೆಂದೂ ಭಾರದ ಸಮಸ್ಥಾನಿ ಸಾವಿರಕ್ಕೆ 0.6ರಿಂದ 1.6ರಷ್ಟು ಇಳಿದಿದೆಯೆಂದೂ ಹೇಳಿದರು. ಅತಿಯಾಗುತ್ತಿದೆಯೆಂದು ಅಂಜಿದ್ದ ಪದಾರ್ಥವೇ ಹಲವೆಡೆ ಕೊರತೆಯಾಗುತ್ತಿದೆ ಎಂಬ ಈ ತೀರ್ಮಾನ ಸಣ್ಣದಲ್ಲ. ಕಾಡುಗಳು ಮುಂದೆ ಎಷ್ಟು ಇಂಗಾಲವನ್ನು ಹೀರಿಕೊಳ್ಳಬಲ್ಲವು ಎಂಬ ಲೆಕ್ಕವೂ ಇದನ್ನೇ ಅವಲಂಬಿಸಿದೆ.

ಶೇಕಡಾ 9ರ ಕುಸಿತವೊಂದನ್ನೇ ನೋಡಿದರೆ ಆಕ್ಷೇಪಣೆಗೆ ಅವಕಾಶವಿದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ಎಲೆಯಲ್ಲಿ ಪಿಷ್ಟ, ಸಕ್ಕರೆಗಳು ಹೆಚ್ಚಿ ತೂಕ ಏರಬಹುದು. ಸಾರಜನಕ ಇದ್ದಷ್ಟೇ ಇದ್ದರೂ ಶೇಕಡಾವಾರು ತಗ್ಗುತ್ತದೆ. ಸಮಸ್ಥಾನಿಯ ಅನುಪಾತಕ್ಕೆ ಈ ಆಕ್ಷೇಪಣೆ ತಟ್ಟುವುದಿಲ್ಲ, ಏಕೆಂದರೆ ಅಲ್ಲಿ ತೂಕ ಭಾಜಕವೇ ಅಲ್ಲ. ಹಾಗೆಂದು ಅದನ್ನು ಅಂತಿಮ ಸಾಕ್ಷ್ಯವೆನ್ನಲಾಗದು. ಬೇರಿನ ಜೊತೆ ಬಾಳುವ ಶಿಲೀಂಧ್ರಗಳು ಭಾರದ ಸಮಸ್ಥಾನಿಯನ್ನು ತಮ್ಮಲ್ಲಿ ಉಳಿಸಿಕೊಂಡು ಹಗುರವಾದದ್ದನ್ನು ಮರಕ್ಕೆ ಕೊಡಬಲ್ಲವು. ಮೇಪಲ್ ಮತ್ತು ಬೀಚ್ ಮರಗಳ ಬೇರುಗಳಲ್ಲಿರುವ ಶಿಲೀಂಧ್ರಗಳ ಗುಂಪುಗಳೇ ಬೇರೆ. ಹೀಗಾಗಿ ಎರಡು ಜಾತಿಗಳ ಅಂಕಿಗಳನ್ನು ಒಂದೇ ಸಾಲಿನಲ್ಲಿಟ್ಟು ಓದುವುದು ತರವಲ್ಲ.

ಸಾರಜನಕವನ್ನು ಒಂಟಿಯಾಗಿ ಓದುವುದೂ ಅಪಾಯಕರ ಎಂಬುದಕ್ಕೆ ಎರಡು ನಿದರ್ಶನಗಳಿವೆ. ಆಮ್ಲಮಳೆಯಿಂದ ಮಣ್ಣಿನ ಸುಣ್ಣದಂಶ ತೊಳೆದುಹೋಗಿ ಸಕ್ಕರೆ ಮೇಪಲ್ ಸೊರಗುತ್ತಿದೆಯೆಂಬ ಅನುಮಾನದಿಂದ, 1999ರ ಅಕ್ಟೋಬರಿನಲ್ಲಿ ಹಬರ್ಡ್ ಬ್ರೂಕಿನ ಒಂದನೆಯ ಜಲಾನಯನದ ಮೇಲೆ ಹೆಲಿಕಾಪ್ಟರಿನಿಂದ ವೊಲಾಸ್ಟೊನೈಟ್ ಎಂಬ ಕ್ಯಾಲ್ಸಿಯಂ ಸಿಲಿಕೇಟ್ ಖನಿಜವನ್ನು ಚೆಲ್ಲಲಾಯಿತು. ಮೇಪಲ್‌ಗಳು ಚೇತರಿಸಿಕೊಂಡವು. ಆದರೆ ಸುಮಾರು ಒಂದು ದಶಕದ ನಂತರ ಅದೇ ಜಲಾನಯನದಿಂದ ಸಾರಜನಕ ಹೆಚ್ಚಾಗಿ ಹೊರಹೋಗತೊಡಗಿ, ಸಾರಜನಕವನ್ನು ಕೂಡಿಡುತ್ತಿದ್ದ ಕಾಡು ಅದನ್ನು ಕಳೆದುಕೊಳ್ಳುವ ಕಾಡಾಯಿತೆಂದು 2016ರಲ್ಲಿ ವರದಿಯಾಯಿತು. ಎರಡನೆಯದು ಹಬರ್ಡ್ ಬ್ರೂಕ್ ಮತ್ತು ಸಮೀಪದ ಬಾರ್ಟ್‌ಲೆಟ್ ಮುಂತಾದ ಕಾಡುಗಳಲ್ಲಿ 2011ರಿಂದ ಸಾರಜನಕ ಮತ್ತು ರಂಜಕಗಳನ್ನು ಬೇರೆ ಬೇರೆಯಾಗಿಯೂ ಒಟ್ಟಾಗಿಯೂ ಹಾಕಿ ನಡೆಸಿದ ಪ್ರಯೋಗ. ಅಲ್ಲಿನ ಎಳೆಯ ಕಾಡುಗಳಲ್ಲಿ ಸಾರಜನಕ ಪಡೆದ ಮರಗಳು ರಂಜಕವನ್ನು ಇನ್ನಷ್ಟು ಬಿಗಿಯಾಗಿ ಹಿಂಪಡೆದವು.

ಮೇಲಿನ ವಿವಾದದಲ್ಲಿ ಬಳಕೆಯಾದ ಮಾದರಿಗಳಲ್ಲಿ ಬಹುಪಾಲು ಹಸಿರೆಲೆಗಳು ಎಂಬುದನ್ನು ಇಲ್ಲಿ ಹೇಳಬೇಕು. ಹಸಿರೆಲೆಯಲ್ಲಿ ಸಾರಜನಕ ಇಳಿದಿದ್ದರೂ, ಮರ ಅದರ ಹೆಚ್ಚಿನ ಪಾಲನ್ನು ಹಿಂಪಡೆಯುತ್ತಿದ್ದರೆ ಅದರ ಸಂಗ್ರಹ ಅಷ್ಟೇನೂ ಕುಗ್ಗದಿರಬಹುದು; ತರಗೆಲೆ ಬಡವಾಗುತ್ತದೆ, ಅದರ ಪರಿಣಾಮ ಮಣ್ಣಿನಲ್ಲಿ ತಡವಾಗಿ ತೋರುತ್ತದೆ. ಇದನ್ನು ನಿರ್ಧರಿಸಲು ಅದೇ ಮರದ, ಅದೇ ವರ್ಷದ ಹಸಿರೆಲೆ ಮತ್ತು ತರಗೆಲೆಗಳು ಜೋಡಿಯಾಗಿ ಬೇಕು. ಜೊತೆಗೆ ಎರಡರ ತೂಕ ಮತ್ತು ವಿಸ್ತೀರ್ಣಗಳ ದಾಖಲೆಯೂ ಬೇಕು. ಹಬರ್ಡ್ ಬ್ರೂಕಿನಲ್ಲಿ ಹಿಂದಿನ ದಶಕಗಳ ಮಾದರಿಗಳನ್ನು ಒಣಗಿಸಿ ಕಾಪಿಟ್ಟಿದ್ದಾರೆ. ಇಂಥ ಮಾದರಿಗಳ ಸಾರಜನಕವನ್ನೂ ಸಮಸ್ಥಾನಿಯ ಅನುಪಾತವನ್ನೂ ಈಗಲೂ ಹೊಸದಾಗಿ ಅಳೆಯಬಹುದು. ಪುಡಿ ಮಾಡಿ ಸೀಸೆಗೆ ತುಂಬಿದ ಎಲೆಯ ವಿಸ್ತೀರ್ಣವನ್ನು ಮಾತ್ರ, ಅಂದು ಯಾರಾದರೂ ಬರೆದಿಡದಿದ್ದರೆ, ಇನ್ನು ಅಳೆಯಲಾಗದು.